ಪುಠಾಣಿಯ ಉಸಿರು

ನವನಗರ, ಬಾಗಲಕೋಟೆ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ಅಂಜನಾ,

ಹೇಗಿದ್ದೀಯವ್ವಾ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಬಾದಾಮಿಯಲ್ಲಿ ಬೆಳಗಿನ ಹೊತ್ತು ಚಳಿ ಹಿಡಿದಿರಬೇಕು. ಚಳಿ ಬಂತೆಂದರೆ ನಿನಗೆ ಮೂಗು ಕಟ್ಟುತ್ತದೆ, ಬಿಸಿನೀರೇ ಕುಡಿ. ನಿಮ್ಮವ್ವನ ಮೊಣಕಾಲು ನೋವು ಹೇಗಿದೆ? ಎಲ್ಲರನ್ನೂ ಕೇಳಿದೆನೆಂದು ಹೇಳು.

ಈ ಕಾಗದದ ಮೊದಲ ಸಾಲಿಗೇ ಎರಡು ಹಾಳೆ ಹೋದವು. ನೀನು ಸೊಸೆಯಾಗಿ ಬಂದ ವರ್ಷ, ಪಂಚಮಿಗೆ ತವರಿಗೆ ಹೊರಟಾಗ, ಉಂಡಿಯ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟಿದ್ದೆ. ಅದರಲ್ಲಿ ‘ಚಿ. ಸೌ. ಅಂಜನಾಳಿಗೆ’ ಎಂದು ಬರೆದಿದ್ದೆ. ಈ ಸಲವೂ ಕೈ ತಾನಾಗಿಯೇ ‘ಚಿ.’ ಎಂದು ಬರೆದು ಅಲ್ಲಿಗೇ ನಿಂತಿತು. ಬೇವೂರಿನ ಸಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ತಂದೆಗೆ ಪತ್ರ, ಗೆಳೆಯನಿಗೆ ಪತ್ರ, ರಜೆ ಕೇಳಿ ಮುಖ್ಯೋಪಾಧ್ಯಾಯರಿಗೆ ಪತ್ರ, ಎಲ್ಲ ಬಾಯಿಪಾಠ. ಗಂಡನನ್ನು ಕಳೆದುಕೊಂಡ ಸೊಸೆಗೆ, ಮಗನನ್ನು ಕಳೆದುಕೊಂಡ ಅತ್ತೆ ಹೇಗೆ ಬರೆಯಬೇಕು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕೊನೆಗೆ ಪ್ರೀತಿಯ ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ. ‘ಉಂಡೀಯೇನವಾ’ ಅಂತ ನಾನು, ‘ಉಂಡೇನ್ರಿ ಅತ್ತಿ, ನೀವ?’ ಅಂತ ನೀನು. ಅಷ್ಟಕ್ಕೇ ಫೋನ್ ಇಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಹೇಳುವುದು ಮುಖ್ಯವಾಗಿ ಪುಠಾಣಿಯ ವಿಷಯ, ನಿಧಾನವಾಗಿ ಓದು. ಗಾಬರಿಯಾಗಬೇಡ, ಅವನು ಈಗ ಚೆನ್ನಾಗಿದ್ದಾನೆ. ನಾನು ಬರೆಯುತ್ತಿರುವಾಗ ನನ್ನ ಸೀರೆಯ ಸೆರಗಿನ ಮೇಲೇ ಬಾಲ ಸುತ್ತಿಕೊಂಡು ಮಲಗಿದ್ದಾನೆ, ಎಳೆದರೆ ಏಳುತ್ತಾನೆಂದು ಎಳೆದುಕೊಂಡಿಲ್ಲ.

ನನ್ನ ಸುದ್ದಿ ಕೇಳುತ್ತೀಯಾದರೆ, ಆರೋಗ್ಯವಾಗಿದ್ದೇನೆ. ಹಣಮೇಶ ಹೋಗಿ ಏಳು ತಿಂಗಳು, ನೀನು ತವರಿಗೆ ಹೋಗಿ ಐದು ತಿಂಗಳು. ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಜಳಕ ಮಾಡುತ್ತೇನೆ, ರೊಟ್ಟಿ ಬಡಿಯುತ್ತೇನೆ. ಓಣಿಯವರು ‘ಗಟ್ಟಿ ಹೆಣ್ಣಮಗಳು’ ಅನ್ನುತ್ತಾರೆ. ಗಟ್ಟಿಯೋ ಏನೋ, ನನಗೇನೂ ತಿಳಿಯುವುದಿಲ್ಲ. ಒಂದು ದಿನ ಮಾಡಿದ ಪುಂಡಿಪಲ್ಯೆಯನ್ನು ಪಕ್ಕದ ಮನೆಯ ಹುಸೇನಬಿಗೂ ಒಂದು ಬಟ್ಟಲು ಕೊಟ್ಟಿದ್ದೆ. ಆಕೆ ಗೋಡೆಯಾಚೆಯಿಂದ, ‘ಅಕ್ಕೋರ, ಉಪ್ಪು ಎರಡ ಸಲಾ ಬಿದ್ದೈತಿ ನೋಡ್ರಿ’ ಅಂದಳು. ಅಷ್ಟೊತ್ತಿಗೆ ನಾನು ಅದನ್ನೇ ಹಚ್ಚಿಕೊಂಡು ಎರಡು ರೊಟ್ಟಿ ತಿಂದಾಗಿತ್ತು. ಅಳು ಇನ್ನೂ ಬಂದಿಲ್ಲ. ಬರಬೇಕಿತ್ತು ಎಂದು ಅನ್ನಿಸುತ್ತದೆ, ಯಾರದೋ ಮನೆಯ ಕೆಲಸ ಬಾಕಿ ಉಳಿದಂತೆ.

ನಿನಗೆ ನೆನಪಿದೆಯಲ್ಲ, ಪುಠಾಣಿಯನ್ನು ಮನೆಗೆ ತಂದಾಗ ನಾನು ಮಾಡಿದ ರಂಪ. ರಾಮಥಾಳದ ನೀರಾವರಿ ಕೆಲಸದಲ್ಲಿ ಹಣಮೇಶನ ಜೊತೆಗಿದ್ದ ಪುಣೆಯ ಎಂಜಿನಿಯರರಿಗೆ ಬೇರೆ ಕಡೆ ವರ್ಗವಾಯಿತು, ನಾಯಿಯನ್ನು ಒಯ್ಯಲು ಆಗುವುದಿಲ್ಲ ಎಂದರು, ಹಣಮೇಶ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದ. ಉದ್ದನೆಯ ಕಿವಿ, ಬಿಳಿ ಮೈ, ಮೇಲೆ ಬೆಲ್ಲದ ಬಣ್ಣದ ಪಟ್ಟೆ, ಅಳುವುದಕ್ಕೆ ತಯಾರಾದ ಕೂಸಿನಂಥ ಕಣ್ಣು. ಕ್ಯಾವಲಿಯರ್ ಸ್ಪ್ಯಾನಿಯಲ್ ಅಂತ ಜಾತಿಯ ಹೆಸರನ್ನು ನನಗೆ ಮೂರು ಸಲ ಹೇಳಿಕೊಟ್ಟ. ನಮ್ಮ ಮಾವನವರು ಬೇವೂರಿನಲ್ಲಿ ಇನ್ನೂರು ಕುರಿ ಕಟ್ಟಿದವರು. ಅವರ ಹಟ್ಟಿಯ ನಾಯಿಗಳು ನನ್ನ ಸೊಂಟದೆತ್ತರ, ತೋಳ ಬಂದರೆ ಎದುರು ನಿಲ್ಲುವಂಥವು, ಒಂದಾದರೂ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ‘ಇದೆಂಥಾ ನಾಯಿನೋ? ಕುರಿ ಕಾಯಂಗಿಲ್ಲ, ಮನಿ ಕಾಯಂಗಿಲ್ಲ, ಇದರ ಕೆಲಸರ ಏನು?’ ಅಂತ ನಾನು ಕೇಳಿದರೆ, ನೀನು ಅದನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟು, ‘ಇದ ಅದರ ಕೆಲಸರಿ ಅತ್ತಿ, ತೊಡಿ ಮ್ಯಾಲ ಕುಂದ್ರೂದು’ ಅಂದೆ. ಹಣಮೇಶ ಎಷ್ಟು ನಕ್ಕ. ಎಂಜಿನಿಯರರು ಇಟ್ಟ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಹೊರಳಲಿಲ್ಲ, ಹುರಿಗಡಲೆಯಷ್ಟಿದ್ದಾನೆಂದು ಪುಠಾಣಿ ಅಂತ ನೀನೇ ಕರೆದೆ.

ನೀನು ಹೋದ ಮೇಲೆ ಅವನನ್ನು ನೋಡಿಕೊಳ್ಳಲು ನನಗೆ ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೊದಲ ತಿಂಗಳು ನಾನು ಮಾಡಿದ್ದು ಇಷ್ಟೇ: ಎರಡು ಹೊತ್ತು ಹಾಲು ರೊಟ್ಟಿ ಕಲಸಿ ಇಡುವುದು, ಬಾಗಿಲು ತೆಗೆಯುವುದು, ಹಾಕುವುದು. ಅವನು ನನ್ನ ಹಿಂದೆಯೇ ಅಡುಗೆಮನೆಗೆ ಬರುವನು, ಬಚ್ಚಲಿನ ಬಾಗಿಲಲ್ಲಿ ಕೂರುವನು, ಕೂತಲ್ಲಿ ಗದ್ದವನ್ನು ತಂದು ನನ್ನ ಪಾದದ ಮೇಲೆ ಇಡುವನು. ನಾನು ಕಾಲು ಸರಿಸಿಕೊಳ್ಳುತ್ತಿದ್ದೆ. ಸಿಟ್ಟಿನಿಂದಲ್ಲ. ಬೆಚ್ಚಗಿನದು ಏನೂ ಬೇಡವಾಗಿತ್ತು. ಅವನು ಸ್ವಲ್ಪ ಹೊತ್ತು ನೋಡಿ ಮತ್ತೆ ತಂದಿಡುವನು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಒಂದು ದಿನ ಸರಿಸುವುದನ್ನು ಮರೆತೆ, ಅಥವಾ ಬೇಸರವಾಯಿತು. ಆಮೇಲೆ ಅಲ್ಲೇ ಇಟ್ಟುಕೊಂಡ.

ಆಗಸ್ಟಿನಲ್ಲಿ ಮಳೆ ಹಿಡಿದಾಗ ಹುಸೇನಬಿ ಗೋಡೆಯ ಹತ್ತಿರ ನಿಂತು, ‘ಅಕ್ಕೋರ, ನಿಮ್ಮ ನಾಯಿ ಕಿವಿ ವಾಸನಿ ಹೊಡಿಯಾಕತ್ತೈತಿ, ನಿಮಗ ಬಂದಿಲ್ಲೇನು?’ ಅಂದಳು. ನನಗೆ ಬಂದಿರಲಿಲ್ಲ. ನೋಡಿದರೆ ಕಿವಿಯ ಕೂದಲು ಗಂಟುಗಟ್ಟಿ ಚಾಪೆಯಂತಾಗಿದೆ, ಒಳಗೆ ಕೆಂಪಾಗಿ ಹುಣ್ಣು. ನೀನು ವಾರಕ್ಕೆರಡು ಸಲ ಬಾಚಿ ಅರಿವೆಯಿಂದ ಒರೆಸುತ್ತಿದ್ದೆಯಲ್ಲ, ಅದು ಆಟವಲ್ಲ ಕೆಲಸ ಎಂದು ನನಗೆ ಅವತ್ತು ತಿಳಿಯಿತು. ಬಸ್ ನಿಲ್ದಾಣದ ಆಚೆ ತೌಸಿಫ ಅಂತ ಒಬ್ಬ ಪಶುವೈದ್ಯ ದವಾಖಾನೆ ತೆರೆದಿದ್ದಾನೆ, ಬೇವೂರಿನವನೇ, ನನ್ನ ಹತ್ತಿರ ಮೂರನೆಯ ಇಯತ್ತೆ ಕಲಿತವನು. ನನ್ನನ್ನು ಕಂಡವನೇ ಕುರ್ಚಿಯಿಂದ ಎದ್ದು ನಿಂತ, ಅವನ ಮುಂದೆ ಎಮ್ಮೆಯ ಔಷಧಕ್ಕೆ ಬಂದ ರೈತರೆಲ್ಲ ನನ್ನನ್ನೂ ನನ್ನ ತೋಳಿನಲ್ಲಿದ್ದ ನಾಯಿಯನ್ನೂ ನೋಡಿದರು.

ಕಿವಿ ತೊಳೆದು ಗಂಟು ಕತ್ತರಿಸಿದ ಮೇಲೆ ಅವನು ಎದೆಗೆ ನಳಿಗೆ ಹಚ್ಚಿ ಕೇಳಿದ. ಕೇಳಿ, ಇನ್ನೊಂದು ಮಗ್ಗುಲಿಗೆ ಹಚ್ಚಿ ಕೇಳಿದ. ಆಮೇಲೆ, ‘ಅಕ್ಕೋರ, ಕಿವಿದೇನ ದೊಡ್ಡ ಮಾತಲ್ಲ. ಎದಿಯೊಳಗ ಸಪ್ಪಳ ಐತ್ರಿ. ಈ ಜಾತಿಗೆ ಇದು ಭಾಳ ಬರ್ತೈತಿ. ಒಳಗ ಸಣ್ಣ ಸಣ್ಣ ಬಾಗಲಾ ಇರ್ತಾವ, ಅವು ಪೂರಾ ಮುಚ್ಚಂಗಿಲ್ಲ’ ಅಂದ. ಗುಣವಾಗುತ್ತದೆಯೇ ಎಂದು ಕೇಳಿದೆ. ‘ಗುಣ ಆಗೂದಿಲ್ರಿ. ಸಂಭಾಳಿಸಬೇಕು’ ಅಂದ. ಮನೆಯವರಿಗೆ ಹೇಳುವಂತೆ ಮೆತ್ತಗೆ ಹೇಳಿದ. ನಾನು ತಲೆಯಾಡಿಸಿದೆ. ನನಗೆ ಏನೂ ಆಗಲಿಲ್ಲ ಅಂಜನಾ. ಇನ್ನೂ ಒಂದು ಎದೆಯ ಸುದ್ದಿ, ಅಷ್ಟೇ ಅನ್ನಿಸಿತು.

ತೌಸಿಫ ನನಗೆ ಒಂದು ಕೆಲಸ ಹಚ್ಚಿದ. ನಾಯಿ ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಬೇಕು, ಹೊಟ್ಟೆ ಏರಿ ಇಳಿದರೆ ಒಂದು. ‘ಒಂದ ನಿಮಿಷಕ್ಕ ಮೂವತ್ತರ ಮ್ಯಾಲ ಹೋತಂದ್ರ ನನಗ ಫೋನ್ ಮಾಡ್ರಿ. ನಮಗ ಮಗ್ಗಿ ಕಲಿಸಿದವರು ನೀವು, ಎಣಿಸೂದು ನಾ ಏನ ಹೇಳಿಕೊಡ್ಲಿ’ ಅಂತ ನಕ್ಕ. ಅವತ್ತಿನಿಂದ ಮಧ್ಯಾಹ್ನ ಉಂಡ ಮೇಲೆ ಪಡಸಾಲೆಯಲ್ಲಿ ಗೋಡೆ ಗಡಿಯಾರದ ಎದುರು ಕೂರುತ್ತೇನೆ. ಇಪ್ಪತ್ತೆರಡು. ಇಪ್ಪತ್ತನಾಲ್ಕು. ಮತ್ತೆ ಇಪ್ಪತ್ತೆರಡು. ಹಾಜರಿ ಹಾಕುವಂತೆ ತಾರೀಖಿನ ಮುಂದೆ ಬರೆಯುತ್ತೇನೆ. ನಿನಗೊಂದು ಮಾತು ಹೇಳಲೇ? ದಿನವಿಡೀ ಹೊತ್ತು ಎಲ್ಲಿ ಹೋಯಿತೋ ನನಗೆ ಗೊತ್ತಾಗುವುದಿಲ್ಲ. ಆ ಒಂದು ನಿಮಿಷ ಮಾತ್ರ ಗೊತ್ತಾಗುತ್ತದೆ. ಅದರಲ್ಲಿ ಅರವತ್ತು ಸೆಕೆಂಡುಗಳೂ ಇರುತ್ತವೆ.

ದೀಪಾವಳಿ ಮುಗಿದ ವಾರ, ಬುಧವಾರ, ನಲವತ್ತಾರು ಬಂತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ, ನಲವತ್ತೆಂಟು. ಅಷ್ಟರಲ್ಲಿ ಅವನಿಗೆ ಎಚ್ಚರವಾಗಿ, ಎದ್ದು ಕೂತು, ಕುತ್ತಿಗೆ ಮುಂದೆ ಚಾಚಿ ಕೆಮ್ಮತೊಡಗಿದ. ಮಲಗಲು ಹೋಗುವನು, ಆಗದೆ ಮತ್ತೆ ಕೂರುವನು. ನಾಲಿಗೆಯ ಬಣ್ಣ ಬೇರೆಯಾಗಿತ್ತು. ನಾನು ಅವನನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟದೆ, ಹುಸೇನಬಿಯ ಮನೆಗೆ ಹೋದೆ. ಆಕೆಯ ಗಂಡ ಚಾಂದಸಾಬ ಆಟೋ ನಿಲ್ಲಿಸಿ ಆಗಷ್ಟೇ ಊಟಕ್ಕೆ ಕೂತಿದ್ದ. ನನ್ನ ಮುಖ ನೋಡಿದವನೇ ಕೈ ತೊಳೆಯದೆ ಎದ್ದ. ಹುಸೇನಬಿ ಎಂದೂ ನಾಯಿಯನ್ನು ಮುಟ್ಟುವವಳಲ್ಲ, ನಮಾಜಿಗೆ ನಿಲ್ಲುವವಳು, ಏನಿದ್ದರೂ ಗೋಡೆಯ ಮೇಲಿಂದ ಮಾತು. ಅವತ್ತು ಆಟೋದಲ್ಲಿ ನನ್ನ ಪಕ್ಕದಲ್ಲಿ ಕೂತು ಅವನ ತಲೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಮನಿಗೆ ಹೋಗಿ ಜಳಕಾ ಮಾಡ್ತೇನಿ ತಗೋರಿ, ನೀವು ಉಸರ ನೋಡ್ರಿ’ ಅಂದಳು.

ಬಸ್ ನಿಲ್ದಾಣದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಆಗ ನಾನು ಕೂಗಿದೆನಂತೆ. ‘ದಾರಿ ಬಿಡ್ರಿ! ಚಾಂದಸಾಬ, ಜಲ್ದಿ ಹೊಡಿಯೋ, ಹೋಗತೈತಿ ನನ್ನ ಕೂಸು!’ ಏಳು ತಿಂಗಳಲ್ಲಿ ನನ್ನ ಗಂಟಲಿನಿಂದ ಅಂಥ ಧ್ವನಿ ಬಂದಿರಲಿಲ್ಲ. ಟ್ರ್ಯಾಕ್ಟರಿನವನು ಹೆದರಿ ಹಿಂದೆ ಸರಿದ. ಕೂಗಿದ್ದು ನನಗೆ ನೆನಪಿಲ್ಲ, ಹುಸೇನಬಿ ಆಮೇಲೆ ಹೇಳಿದಳು.

ಪುಪ್ಪುಸದಲ್ಲಿ ನೀರು ಸೇರಿತ್ತು. ತೌಸಿಫ ಇಂಜೆಕ್ಷನ್ ಕೊಟ್ಟ, ಮೂಗಿಗೆ ಆಮ್ಲಜನಕ ಹಿಡಿದ. ಹಿಡಿದುಕೊಂಡೇ ನನ್ನ ಕಡೆ ತಿರುಗಿ, ‘ಯಾವಾಗಿಂದ ಹಿಂಗ ಅಕ್ಕೋರ? ಮುಂಜಾನಿ ಏನರ ಗೊತ್ತಾಗಿತ್ತೇನು?’ ಎಂದು ಕೇಳಿದ. ಸಹಜವಾದ ಪ್ರಶ್ನೆ, ಯಾವ ವೈದ್ಯನಾದರೂ ಕೇಳುವುದೇ. ನಾನು ನೆಲ ನೋಡಿದೆ. ಹುಸೇನಬಿಯೇ ‘ಮುಂಜಾನಿ ಆರಾಮ ಇತ್ರಿ, ನಾ ನೋಡೇನಿ’ ಎಂದು ಉತ್ತರ ಕೊಟ್ಟಳು. ನನಗೆ ಕಾಲಿನ ಕೆಳಗಿನ ಫರಸಿ ಮಾತ್ರ ತಣ್ಣಗೆ ಹತ್ತುತ್ತಿತ್ತು, ಚಪ್ಪಲಿ ಇಲ್ಲವೆಂಬುದು ಆಗ ತಿಳಿಯಿತು. ಎರಡು ತಾಸು ಅಲ್ಲೇ ಬೆಂಚಿನ ಮೇಲೆ ಕೂತೆವು. ಇಳಿಹೊತ್ತಿಗೆ ಪುಠಾಣಿ ಮೂತ್ರ ಮಾಡಿದ, ಮೂರು ಸಲ, ತೌಸಿಫನ ಬೂಟಿನ ಮೇಲೂ. ತೌಸಿಫ ‘ಭೇಷ್!’ ಅಂದ. ನೀರು ಇಳಿಯುತ್ತಿದೆ ಎಂದು ಅದರ ಅರ್ಥವಂತೆ. ಇನ್ನೂ ಒಂದು ವರ್ಷವೋ, ಹೆಚ್ಚೋ, ಕಡಿಮೆಯೋ, ಹೇಳಲಾಗದು, ಮಾತ್ರೆ ತಪ್ಪಿಸಬೇಡಿ ಎಂದು ಮನೆಗೆ ಕಳಿಸಿದ.

ಮೊನ್ನೆ ಶುಕ್ರವಾರ ನಿಮ್ಮಣ್ಣ ಪ್ರಭುಲಿಂಗ ಬಂದಿದ್ದ. ಅವನಿಗೆ ಒಂದು ಕಪ್ ಚಹಾ ಮಾತ್ರ ಕೊಟ್ಟು ಬರಿಗೈಯಲ್ಲಿ ಕಳಿಸಿದೆನೆಂದು ನಿನಗೆ ಬೇಸರವಾಗಿರಬಹುದು. ‘ಅತ್ತಿಯವರ, ನಾಯೀನ ಕರಕೊಂಡ ಬಾ ಅಂದಾಳ್ರಿ ಅಂಜನಾ. ಈ ತಿಂಗಳ ಅಕಿ ಆಡಿದ್ದು ಅದೊಂದ ಮಾತು’ ಅಂದ. ಬಸ್ಸಿನ ಕುಲುಕಾಟ ಪುಠಾಣಿಗೆ ಈಗ ಆಗದು, ಅದಕ್ಕೇ ಕಳಿಸಲಿಲ್ಲ. ಆದರೆ ನಾನು ಪ್ರಭುಲಿಂಗನನ್ನು ಕೂರಿಸಿಕೊಂಡು ಕೇಳಿದೆ, ಯಾಕೆ ಮಾತು ಬಿಟ್ಟಿದ್ದಾಳೆ, ದುಃಖ ಎಲ್ಲರಿಗೂ ಇದೆ, ಬೇರೆ ಏನಾದರೂ ಇದೆಯೋ ಎಂದು. ಅವನು ಚಹಾದ ಕಪ್ಪನ್ನು ತಿರುಗಿಸುತ್ತ ಹೇಳಿದ: ‘ಆವತ್ತ ಮುಂಜಾನಿ ಜಗಳಾಡಿದ್ಲಂತ್ರಿ. ಅಲ್ಲೇ ಇದ್ದಬಿಡ್ರಿ, ಮನಿಗೆ ಬರಬ್ಯಾಡ್ರಿ ಅಂದಿದ್ಲಂತ. ಭಾವ ಉಣ್ಣದ ಹೋದ, ಬರಲೇ ಇಲ್ಲ. ನನ್ನ ಬಾಯೇ ಅವರನ್ನ ತಗೊಂತು ಅಂತ ಕುಂತಾಳ. ಯಾರ ಹೇಳಿದ್ರೂ ಕೇಳವಲ್ಲಳು.’

ಆ ಜಗಳ ನನಗೂ ಕೇಳಿಸಿತ್ತು. ಇಳಕಲ್ಲಿಗೆ ಸೀರೆ ತರಲು ಜೊತೆಗೆ ಬರುತ್ತೇನೆಂದು ಒಪ್ಪಿದವನು ರಜೆ ಸಿಗಲಿಲ್ಲ ಎಂದ, ನೀನು ಸಿಟ್ಟಾದೆ. ಗಂಡಹೆಂಡಿರ ಮನೆಯಲ್ಲಿ ವಾರಕ್ಕೊಂದು ಬರುವ ಜಗಳ. ಹನ್ನೊಂದು ಗಂಟೆಗೆ ಅವನು ರಾಮಥಾಳದಲ್ಲಿ ಪಂಪಿನ ಮನೆಯ ಕಟ್ಟೆಯ ಮೇಲೆ ಕುಸಿದು ಕೂತ, ಜೊತೆಯವರು ಹುನಗುಂದದ ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತನಾಲ್ಕು ವರ್ಷದವನು. ಆ ಜಗಳವನ್ನು ನೀನು ಇಷ್ಟು ದಿನ ಹೊತ್ತು ತಿರುಗುತ್ತಿದ್ದೀ ಎಂದು ನನಗೆ ತಿಳಿದಿರಲಿಲ್ಲ. ಪ್ರಭುಲಿಂಗ ಹೋದ ಮೇಲೆ ಮೂರು ದಿನ ಈ ಕಾಗದವನ್ನು ಮನಸ್ಸಿನಲ್ಲೇ ಬರೆದೆ, ಅಳಿಸಿದೆ.

ಪುಠಾಣಿ ನಿನ್ನವನು. ಕೊಡಲು ಮನಸ್ಸಿಲ್ಲ ಎಂದು ನಾನು ಬರೆದರೆ ನೀನು ನಗುತ್ತೀ, ಅದಕ್ಕೇ ಬರೆಯುವುದಿಲ್ಲ. ಹದಿನೈದು ದಿನ ಹೋಗಲಿ ಎಂದಿದ್ದಾನೆ ತೌಸಿಫ, ಆಮೇಲೆ ನೀನೇ ಬಾ. ಕರೆದುಕೊಂಡು ಹೋಗಬೇಕೆನಿಸಿದರೆ ಹೋಗು, ಇಲ್ಲೇ ನಾಲ್ಕು ದಿನ ಇರಬೇಕೆನಿಸಿದರೆ ಇರು. ನೀರು ಇಳಿಸುವ ಮಾತ್ರೆ ಎರಡು ಹೊತ್ತು, ಎದೆಯ ಮಾತ್ರೆ ಎರಡು ಹೊತ್ತು ಆದರೆ ಉಣ್ಣುವುದಕ್ಕೆ ಒಂದು ತಾಸು ಮೊದಲು. ಬಾಳೆಹಣ್ಣಿನ ತುಣುಕಿನಲ್ಲಿ ಅಡಗಿಸಿ ಕೊಟ್ಟರೆ ನುಂಗುತ್ತಾನೆ, ಒಮ್ಮೊಮ್ಮೆ ಹಣ್ಣು ತಿಂದು ಮಾತ್ರೆಯನ್ನು ಚಾಪೆಯ ಕೆಳಗೆ ಇಡುತ್ತಾನೆ, ಕಳ್ಳ. ಉಪ್ಪು ಸೋಂಕಬಾರದು. ಮೆಟ್ಟಿಲು ಹತ್ತಿಸಬೇಡ. ಕಿವಿ ಈಗ ಚೆನ್ನಾಗಿದೆ, ನಾನೇ ಬಾಚುತ್ತೇನೆ, ನಿನ್ನಷ್ಟು ನಾಜೂಕಾಗಿ ಅಲ್ಲ.

ಬೀರಪ್ಪ ದೇವರು ನಿನ್ನ ಮೈ ಮನಸ್ಸು ಎರಡನ್ನೂ ಕಾಯಲಿ. ನಿಮ್ಮವ್ವನಿಗೆ, ಪ್ರಭುಲಿಂಗನಿಗೆ ನನ್ನ ನಮಸ್ಕಾರ. ನಿನ್ನ ತಲೆಯ ಮೇಲೆ ನನ್ನ ಕೈ.

ನಿನ್ನ ಅತ್ತಿ,
ರಂಗವ್ವ

ತಾ.ಕ. ಮೇಲಿನದನ್ನೆಲ್ಲ ಬರೆದದ್ದು ಇದನ್ನು ಬರೆಯುವುದಕ್ಕೆ. ಅವತ್ತು ಮುಂಜಾನೆ ಆರೂಮುಕ್ಕಾಲಿಗೆ, ನೀನು ಮಾಳಿಗೆಯ ಮೇಲೆ ಅರಿವೆ ಹಾಕುತ್ತಿದ್ದೆ, ಹಣಮೇಶ ಅಡುಗೆಮನೆಗೆ ಬಂದು ಕೂತ. ‘ಯವ್ವಾ, ಎದಿ ಹಿಡದಂಗಾಗೈತಿ, ಎಡಗೈ ಜೋಮು ಹತ್ತೈತಿ’ ಅಂದ. ಮುಖದ ಮೇಲೆ ಬೆವರಿತ್ತು, ನಾನು ನೋಡಿದೆ. ‘ನಿನ್ನೆ ಮಿರ್ಚಿ ತಿಂದೀಯಲ್ಲ, ಗ್ಯಾಸ್ ಆಗೈತಿ’ ಅಂತ ಅಜವಾನದ ನೀರು ಕಾಸಿ ಕೊಟ್ಟೆ. ಕುಡಿದು, ‘ಅಂಜನಾಗ ಹೇಳಬ್ಯಾಡ, ಅಂಜತಾಳ’ ಅಂದ. ನಿಮ್ಮ ಜಗಳವಾದದ್ದು ಏಳೂವರೆಗೆ. ನೀನು ಬಾಯಿ ತೆರೆಯುವ ಮೊದಲೇ ಅದು ಶುರುವಾಗಿತ್ತು, ನನಗೆ ಹೇಳಿದ್ದ, ನಾನು ಕಳಿಸಿಕೊಟ್ಟೆ. ಹುನಗುಂದದ ಡಾಕ್ಟರು ‘ಮುಂಜಾನೆ ಏನಾದರೂ ಹೇಳಿದ್ದರೇ?’ ಎಂದು ಕೇಳಿದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ನಾನು ಇಲ್ಲ ಅಂದೆ. ನಿನ್ನ ಮಾತಿನಿಂದ ಏನೂ ಆಗಲಿಲ್ಲ ಮಗಳೇ. ಏನಾದರೂ ಆಗಿದ್ದರೆ ನನ್ನ ಅಜವಾನದಿಂದ, ನನ್ನ ಬಾಯಿ ಮುಚ್ಚಿದ್ದರಿಂದ. ಬೈಯಬೇಕೆನಿಸಿದರೆ ಬೈ, ಬರಬೇಡವೆನಿಸಿದರೆ ಬರಬೇಡ, ಆದರೆ ಉಣ್ಣು. ಚಾಂದಸಾಬ ಇವತ್ತು ಬಾಡಿಗೆಯ ಮೇಲೆ ಬಾದಾಮಿಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಯಲ್ಲೇ ಕೊಡಲು ಹೇಳಿದ್ದೇನೆ. ಅಂಚೆಗೆ ಹಾಕಲು ಹೋದರೆ ದಾರಿಯಲ್ಲೇ ಹರಿದುಬಿಡುತ್ತೇನೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಅವನು ಬಾಗಿಲಲ್ಲಿ ಆಟೋ ಚಾಲೂ ಮಾಡಿ ನಿಂತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುತ್ತಿದ್ದೇನೆ.